ತೊಳೆದ ಮೇಲೆ ಕೂರುವ ಬಿಳುಪು: ಬೋಗಾದಿಯ ಕೊಂಬುಚಾ ಘಟಕವೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಮೈಸೂರಿನ ಬೋಗಾದಿ ಕಡೆಯ ಬಡಾವಣೆಯೊಂದರಲ್ಲಿ ಅಕ್ಕ ತಂಗಿಯರಿಬ್ಬರು ತಮ್ಮ ಮನೆಯ ಹಿಂಭಾಗದ ಕೋಣೆಯಲ್ಲಿ ಕೊಂಬುಚಾ ತಯಾರಿಸಿ ನಗರದ ಕೆಲವು ಅಂಗಡಿಗಳಿಗೆ ಕೊಡುತ್ತಾರೆ. ಸಕ್ಕರೆ ಬೆರೆಸಿದ ಚಹಾ ಕಷಾಯವನ್ನು ಯೀಸ್ಟು ಮತ್ತು ಅಸಿಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳು ಕೂಡಿ ಹುಳಿ ಬರಿಸುವ ಈ ಕೆಲಸಕ್ಕೆ ಅವರು ಇಟ್ಟುಕೊಂಡಿರುವ ಸಾಮಾನು ಹೆಚ್ಚೇನಿಲ್ಲ: ತಳದ ಬಳಿ ನಲ್ಲಿಯಿರುವ 20 ಲೀಟರಿನ ಗಾಜಿನ ಜಾಡಿಗಳು, 304 ದರ್ಜೆಯ ಸ್ಟೀಲಿನ 50 ಲೀಟರಿನ ಒಂದು ತೊಟ್ಟಿ, ಚಹಾ ಕುದಿಸುವ ದೊಡ್ಡ ಸ್ಟೀಲ್ ಪಾತ್ರೆ, ಸಿಲಿಕೋನ್ ಕೊಳವೆ ಮತ್ತು ಬಿಗಿ ಮುಚ್ಚಳದ ಬಾಟಲಿಗಳು. ತೊಟ್ಟಿಯೂ ಕೊಳವೆಯೂ ಮನೆಯಲ್ಲಿ ಬಿಯರ್ ತಯಾರಿಸುವವರಿಗೆಂದು ಮಾರುವ ಸಲಕರಣೆಗಳು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲವಾದ್ದರಿಂದ ಇಲ್ಲಿ ಅವು ಕೊಂಬುಚಾದ ಕೆಲಸಕ್ಕೆ ಬಂದಿವೆ. ಸಲಕರಣೆಯ ಜೊತೆಗೆ ತೊಳೆಯುವ ಪುಡಿಯನ್ನೂ ತೊಳೆಯುವ ಕ್ರಮವನ್ನೂ ಸಹೋದರಿಯರು ಬಿಯರ್ ತಯಾರಕರ ಪದ್ಧತಿಯಿಂದಲೇ ತೆಗೆದುಕೊಂಡಿದ್ದರು.

ಸಣ್ಣ ಆಹಾರ ಘಟಕಗಳ ನೀರು ಮತ್ತು ಶುಚಿತ್ವದ ಬಗ್ಗೆ ಸಲಹೆ ನೀಡುವ ನನ್ನ ಮುಂದೆ ಅವರು ಇಟ್ಟ ದೂರುಗಳು ಎರಡು. ಜಾಡಿ, ತೊಟ್ಟಿ, ಪಾತ್ರೆಗಳ ಒಳಮೈಯಲ್ಲಿ ಬಿಳಿಯ ಪದರವೊಂದು ಕೂರುತ್ತಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ ಎಂಬುದು ಮೊದಲನೆಯದು. ಇತ್ತೀಚಿನ ತಿಂಗಳುಗಳಲ್ಲಿ ಪಾನೀಯ ಹುಳಿ ಬರಲು ಮೊದಲಿಗಿಂತ ಹೆಚ್ಚು ದಿನ ಹಿಡಿಯುತ್ತಿದೆ, ಎರಡು ಜಾಡಿಗಳಲ್ಲಿ ಮೇಲ್ಪದರಕ್ಕೆ ಬೂಷ್ಟು ಬಂದು ಇಡೀ ತಯಾರಿಕೆಯನ್ನು ಚೆಲ್ಲಬೇಕಾಯಿತು ಎಂಬುದು ಎರಡನೆಯದು. ಇವೆರಡಕ್ಕೂ ಸಂಬಂಧವಿರಬಹುದೆಂದು ಅವರಿಗೆ ಅನ್ನಿಸಿರಲಿಲ್ಲ. ಮೊದಲನೆಯದನ್ನು ಅವರು ಅಂದಗೇಡಿನ ವಿಷಯವೆಂದೂ ಎರಡನೆಯದನ್ನು ಹವೆಯ ದೋಷವೆಂದೂ ಎಣಿಸಿದ್ದರು.

ತೊಳೆಯುವ ಕ್ರಮ ಹೀಗಿತ್ತು. ಜಾಡಿ ಖಾಲಿಯಾದ ಕೂಡಲೇ ಒಮ್ಮೆ ನೀರಿನಲ್ಲಿ ಜಾಲಿಸಿ, ಸೋಲಾರ್ ಹೀಟರಿನ ಬಿಸಿನೀರನ್ನು ಕಂಠದವರೆಗೆ ತುಂಬಿ, ಪುಡಿ ಹಾಕಿ ರಾತ್ರಿಯೆಲ್ಲ ನೆನೆಯಲು ಬಿಡುತ್ತಿದ್ದರು. ಬೆಳಿಗ್ಗೆ ನಲ್ಲಿ ತಿರುಗಿಸಿ ನೀರನ್ನು ಹರಿಸಿ, ಭಾರವಾದ ಜಾಡಿಯನ್ನು ಬೋರಲು ಹಾಕುವ ಗೋಜಿಗೆ ಹೋಗದೆ, ಬಾಯಿ ಮೇಲೆ ಮಾಡಿ ತಾರಸಿಯ ಬಿಸಿಲಿಗೆ ಇಡುತ್ತಿದ್ದರು. ಪುಡಿ ಮಾರಿದವರು ಇದು ಆಮ್ಲಜನಕ ಬಿಡುವ ಪುಡಿ, ಮತ್ತೆ ಜಾಲಿಸಬೇಕಾದ್ದಿಲ್ಲ ಎಂದು ಹೇಳಿದ್ದರಂತೆ. ಬಿಳಿ ಪದರ ಕಾಣಿಸಿಕೊಂಡ ಮೇಲೆ ಪುಡಿ ಸಾಲದೇನೋ ಎಂದು ಅದರ ಪ್ರಮಾಣವನ್ನು ಏರಿಸುತ್ತ ಹೋಗಿ, ನಾನು ನೋಡುವ ಹೊತ್ತಿಗೆ ಜಾಡಿಯೊಂದಕ್ಕೆ 400 ಗ್ರಾಂ, ಅಂದರೆ ಲೀಟರಿಗೆ 20 ಗ್ರಾಂ ತಲುಪಿದ್ದರು.

ನೀರು

ಎರಡು ನೀರು ಈ ಮನೆಗೆ ಬರುತ್ತವೆ. ನಗರದ ಕಾವೇರಿ ನೀರು ದಿನ ಬಿಟ್ಟು ದಿನ ಸಂಪಿಗೆ ಬರುತ್ತದೆ. ಉಳಿದಂತೆ ಕೊಳವೆ ಬಾವಿಯ ನೀರೇ ಆಧಾರ, ಸೋಲಾರ್ ಹೀಟರಿಗೆ ಹೋಗುವುದೂ ಅದೇ. ಚಹಾ ಕುದಿಸಲು ಮಾತ್ರ ಆರ್‌ಒ ಯಂತ್ರದ ನೀರು. ಈ ಕಡೆಯ ಕೊಳವೆ ಬಾವಿಗಳು ಗಟ್ಟಿ ಶಿಲೆಯ ಬಿರುಕುಗಳಲ್ಲಿ ನಿಂತ ನೀರನ್ನು ಎತ್ತುತ್ತವೆ, ಆ ನೀರು ಶಿಲೆಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡಿರುತ್ತದೆ. ಬಣ್ಣ ಬದಲಾಗುವ ಹನಿಗಳನ್ನು ಎಣಿಸುವ ಸಾಮಾನ್ಯ ಕಿಟ್‌ನಲ್ಲಿ ಅಳೆದಾಗ ಕೊಳವೆ ಬಾವಿಯ ನೀರಿನ ಗಡಸುತನ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಲೀಟರಿಗೆ ಸುಮಾರು 500 ಮಿಲಿಗ್ರಾಂ ಬಂತು. ಕಾವೇರಿ ನೀರಿನದು ಅದರ ಕಾಲುಭಾಗಕ್ಕೂ ಕಡಿಮೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ಮಾನಕ ಹೇಳುವ ಸ್ವೀಕಾರಾರ್ಹ ಮಿತಿ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಾಗ ಒಪ್ಪಬಹುದಾದ ಮಿತಿ 600 ಮಿಲಿಗ್ರಾಂ. ಆದ್ದರಿಂದ ಈ ನೀರನ್ನು ಕೆಟ್ಟ ನೀರೆಂದು ಹೇಳಲಾಗದು. ಕುಡಿಯಲು ನಡೆಯುವ ನೀರು ಕ್ಷಾರದ ಪುಡಿಯೊಂದಿಗೆ ಸೇರಿದಾಗ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಗಡಸುತನವನ್ನು ಟಿಡಿಎಸ್ ಮೀಟರಿನಿಂದ ತಿಳಿಯಬಹುದೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಆ ಮೀಟರು ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜನ್ನು ಕೊಡುತ್ತದೆಯೇ ಹೊರತು ಅದರಲ್ಲಿ ಅಡುಗೆ ಉಪ್ಪೆಷ್ಟು, ಕ್ಯಾಲ್ಸಿಯಂ ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಸಹೋದರಿಯರ ಬಳಿ ಇದ್ದದ್ದು ಈ ಮೀಟರು ಮಾತ್ರ.

ಇನ್ನೊಂದು ಸಂಗತಿ ವಿಚಾರಿಸುವಾಗ ಹೊರಬಿತ್ತು. ಆರ್‌ಒ ಯಂತ್ರ ಹೊರಹಾಕುವ ನೀರು ವ್ಯರ್ಥವಾಗಬಾರದೆಂದು ಅದನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು, ಜಾಡಿಗಳನ್ನು ಮೊದಲ ಬಾರಿಗೆ ಜಾಲಿಸಲು ಅದನ್ನೇ ಬಳಸುತ್ತಿದ್ದರು. ಮಿತವ್ಯಯದ ದೃಷ್ಟಿಯಿಂದ ಇದು ಮೆಚ್ಚಬೇಕಾದ ರೂಢಿಯೇ. ಆದರೆ ಶುದ್ಧ ನೀರು ಪೊರೆಯ ಆಚೆ ಹೋದಮೇಲೆ ಈಚೆ ಉಳಿಯುವ ನೀರಿನಲ್ಲಿ ಮೂಲ ನೀರಿನ ಲವಣಗಳೆಲ್ಲ ಸಾಂದ್ರವಾಗಿರುತ್ತವೆ, ಹಾಗಾಗಿ ಅದರ ಗಡಸುತನ ಕೊಳವೆ ಬಾವಿಯ ನೀರನ್ನೂ ಮೀರಿತ್ತು. ಅಕ್ಕನವರು ಕೇಳಿದ ಪ್ರಶ್ನೆ ಸಹಜವಾದದ್ದು: "ಕುಡಿಯೋದಕ್ಕೆ ಆರ್‌ಒ ನೀರೇ ಹಾಕ್ತೀವಿ ಸಾರ್, ತೊಳೆಯೋದಕ್ಕೆ ಯಾವ ನೀರಾದರೇನು?" ಈ ಪ್ರಕರಣದ ಒಟ್ಟು ತೊಡಕು ಆ ಪ್ರಶ್ನೆಯಲ್ಲೇ ಇತ್ತು.

ಪದರ ಎಲ್ಲಿ ಕೂತಿತ್ತು

ಯಾವ ಪರೀಕ್ಷೆಗೂ ಮೊದಲು ಪಾತ್ರೆಗಳನ್ನು ಹಗಲು ಬೆಳಕಿಗೆ ಹಿಡಿದು ನೋಡಿದಾಗಲೇ ಅರ್ಧ ಉತ್ತರ ಸಿಕ್ಕಿತು. ಜಾಡಿಗಳಲ್ಲಿ ಪಾನೀಯ ನಿಲ್ಲುವ ಮಟ್ಟದಿಂದ ಮೇಲೆ, ಕಂಠದ ಸುತ್ತ, ಪದರ ದಪ್ಪವಾಗಿ ಸುಣ್ಣ ಬಳಿದಂತೆ ಇತ್ತು. ಆ ಮಟ್ಟದಿಂದ ಕೆಳಗೆ, ಆಗತಾನೇ ಪಾನೀಯವನ್ನು ಬಸಿದ ಜಾಡಿಯಲ್ಲಿ, ತೆಳುವಾದ ಮಂಜನ್ನು ಬಿಟ್ಟರೆ ಬಿಳುಪು ಇರಲಿಲ್ಲ. ಅದೇ ಕೆಳಭಾಗ, ತೊಳೆದು ಒಣಗಿಸಿದ ಜಾಡಿಯಲ್ಲಿ, ಬಿಳಿಯ ಪುಡಿ ಮೆತ್ತಿದಂತೆ ಇತ್ತು. ಅಂದರೆ ಕೊಂಬುಚಾದಿಂದ ಹೊರಬಂದಾಗ ಸ್ವಚ್ಛವಾಗಿದ್ದ ಗಾಜು ತೊಳೆದ ಮೇಲೆ ಬಿಳಿಯಾಗುತ್ತಿತ್ತು. ಹಳೆಯ ಕೊಳೆ ಹೋಗದೆ ಉಳಿಯುತ್ತಿದೆ ಎಂದು ಸಹೋದರಿಯರು ತಿಳಿದಿದ್ದರು. ವಾಸ್ತವದಲ್ಲಿ ಪ್ರತಿ ಬಾರಿ ತೊಳೆದಾಗಲೂ ಹೊಸ ಪದರ ಹುಟ್ಟುತ್ತಿತ್ತು, ಪ್ರತಿ ಬಾರಿ ಪಾನೀಯ ತುಂಬಿದಾಗಲೂ ಅದರ ಹುಳಿಗೆ ಆ ಪದರ ಕರಗಿ ಪಾನೀಯದೊಳಗೇ ಸೇರುತ್ತಿತ್ತು. ಹುಳಿ ಮುಟ್ಟದ ಕಂಠದಲ್ಲಿ ಮಾತ್ರ ಪದರದ ಮೇಲೆ ಪದರ ಉಳಿದುಕೊಂಡಿತ್ತು.

ಮೂರು ಹನಿಗಳ ಪರೀಕ್ಷೆ

ಬಿಳಿಯಾಗಿ ಕಾಣುವುದೆಲ್ಲ ಒಂದೇ ವಸ್ತುವಲ್ಲ. ಒಣಗಿದ ಮೈಮೇಲೆ ಮೊದಲು ಆರ್‌ಒ ನೀರಿನ ಹನಿ, ಅದಕ್ಕೆ ಜಗ್ಗದಿದ್ದರೆ ಅಡುಗೆ ವಿನೆಗರಿನ ಹನಿ, ಅದಕ್ಕೂ ಜಗ್ಗದಿದ್ದರೆ ಬಿಸಿಯಾದ ಸಿಟ್ರಿಕ್ ಆಮ್ಲದ ದ್ರಾವಣದ ಹನಿ, ಹೀಗೆ ಒಂದೊಂದು ಜಾಗವನ್ನೂ ಪರೀಕ್ಷಿಸಲಾಯಿತು.

ಜಾಡಿಯ ತಳದಲ್ಲಿ, ನಲ್ಲಿಯ ರಂಧ್ರಕ್ಕಿಂತ ಕೆಳಗೆ, ಹರಳುಹರಳಾಗಿ ಒಣಗಿದ್ದ ಬಿಳುಪು ಬರಿಯ ನೀರಿಗೇ ಕರಗಿತು. ಬೆರಳಿಗೆ ಜಾರುಜಾರಾಗಿತ್ತು, ಹುಳಿ ಮತ್ತು ಕ್ಷಾರವನ್ನು ಅಳೆಯುವ ಪಿಎಚ್ ಪಟ್ಟಿ (7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 10ನ್ನು ದಾಟಿತು. ಅದು ಪುಡಿಯೇ. ನಲ್ಲಿ ತಳದಿಂದ ಸ್ವಲ್ಪ ಮೇಲಿರುವುದರಿಂದ ಪ್ರತಿ ಬಾರಿಯೂ ಕಾಲು ಲೀಟರಿನಷ್ಟು ತೊಳೆದ ನೀರು ಹರಿಯದೆ ಉಳಿದು, ಬಿಸಿಲಿನಲ್ಲಿ ಆರಿ ಹೋಗುತ್ತಿತ್ತು.

ಕಂಠದ ಬಿಳುಪಿಗೆ ನೀರು ಏನೂ ಮಾಡಲಿಲ್ಲ. ವಿನೆಗರಿನ ಹನಿ ಬಿದ್ದ ಕೂಡಲೇ ಸಣ್ಣ ಗುಳ್ಳೆಗಳೆದ್ದು, ಒರೆಸಿದಾಗ ಆ ಜಾಗದಲ್ಲಿ ಗಾಜು ನಿಚ್ಚಳವಾಯಿತು. ಗುಳ್ಳೆ ಬಂದರೆ ಇಂಗಾಲದ ಡೈಆಕ್ಸೈಡು, ಅಲ್ಲಿರುವುದು ಕಾರ್ಬೊನೇಟು. ಚಹಾ ಪಾತ್ರೆಯ ಗೋಡೆಯಲ್ಲೂ ಇದೇ ಆಯಿತು, ಆದರೆ ಬಿಳಿ ಪದರ ಕರಗಿದ ಅಡಿಯಲ್ಲಿ ಕಂದು ಪದರ, ಅದರ ಅಡಿಯಲ್ಲಿ ಮತ್ತೆ ಬಿಳುಪು ಕಂಡಿತು.

ಜಾಡಿಗಳ ನಡುಮೈಯಲ್ಲಿದ್ದ ತೆಳುವಾದ ಮಂಜು ಮೂರು ಹನಿಗಳಿಗೂ ಅಲುಗಲಿಲ್ಲ. ಒದ್ದೆಯಿದ್ದಾಗ ಮಾಯವಾಗಿ, ಒಣಗಿದ ಮೇಲೆ ಇದ್ದ ಹಾಗೆಯೇ ಮರಳಿತು. ಇದರ ವಿಚಾರ ಮುಂದೆ ಬರುತ್ತದೆ.

ಪುಡಿ ಮತ್ತು ನೀರು ಕೂಡಿದಾಗ

ಪೊಟ್ಟಣದ ಮೇಲೆ ಬರೆದಿದ್ದ ಘಟಕಗಳು ಸೋಡಿಯಂ ಪರ್ಕಾರ್ಬೊನೇಟ್, ಸೋಡಿಯಂ ಕಾರ್ಬೊನೇಟ್, ಸೋಡಿಯಂ ಮೆಟಾಸಿಲಿಕೇಟ್. ಎರಡನೆಯದು ನಮ್ಮ ವಾಷಿಂಗ್ ಸೋಡಾ. ಮೊದಲನೆಯದು ವಾಷಿಂಗ್ ಸೋಡಾಕ್ಕೆ ಹೈಡ್ರೊಜನ್ ಪೆರಾಕ್ಸೈಡು ಕೂಡಿಕೊಂಡ ಹರಳು. ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಪೆರಾಕ್ಸೈಡು, ಉಳಿದ ಎರಡು ಭಾಗ ಸೋಡಾ. ನೀರಿಗೆ ಬಿದ್ದಾಗ ಪೆರಾಕ್ಸೈಡು ಬಿಡುಗಡೆಯಾಗಿ ಚಹಾದ ಕಲೆಯನ್ನೂ ಜೀವಾಣುಗಳ ಅಂಟನ್ನೂ ಒಡೆಯುತ್ತದೆ, ಕೊನೆಗೆ ನೀರೂ ಆಮ್ಲಜನಕವೂ ಆಗಿ ಕಳೆದುಹೋಗುತ್ತದೆ. ಜಾಲಿಸಬೇಕಿಲ್ಲ ಎಂಬ ಮಾತು ಹುಟ್ಟಿದ್ದು ಪುಡಿಯ ಈ ಗುಣದಿಂದ. ಪೆರಾಕ್ಸೈಡಿನ ಮಟ್ಟಿಗೆ ಆ ಮಾತು ಸರಿ, ಸೋಡಾದ ಮಟ್ಟಿಗೆ ಸರಿಯಲ್ಲ. ಸೋಡಾ ಎಲ್ಲಿಗೂ ಹೋಗುವುದಿಲ್ಲ.

ಗಡಸು ನೀರಿನಲ್ಲಿ ಆ ಸೋಡಾದ ಕಾರ್ಬೊನೇಟು ಕ್ಯಾಲ್ಸಿಯಂ ಅನ್ನು ಹಿಡಿದು, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಕೆಳಗಿಳಿಸುತ್ತದೆ. ಕ್ಷಾರ ಹೆಚ್ಚಾದಂತೆ ಮೆಗ್ನೀಸಿಯಂನ ಒಂದು ಪಾಲೂ ಇಳಿಯುತ್ತದೆ. ನೀರು ಬಿಸಿಯಿದ್ದರೆ ಇದು ಇನ್ನೂ ಬೇಗ ನಡೆಯುತ್ತದೆ, ಏಕೆಂದರೆ ಬಹುತೇಕ ಲವಣಗಳಿಗೆ ವ್ಯತಿರಿಕ್ತವಾಗಿ ಕ್ಯಾಲ್ಸಿಯಂ ಕಾರ್ಬೊನೇಟು ತಣ್ಣೀರಿಗಿಂತ ಬಿಸಿನೀರಿನಲ್ಲಿ ಕಡಿಮೆ ಕರಗುತ್ತದೆ. ಲೀಟರಿಗೆ 500 ಮಿಲಿಗ್ರಾಂ ಗಡಸುತನದ 20 ಲೀಟರ್ ನೀರು ಒಂದು ಬಾರಿಗೆ ಹೆಚ್ಚೆಂದರೆ 10 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಅಂದರೆ ಸುಣ್ಣದ ಪುಡಿಯನ್ನು, ಇಳಿಸಬಲ್ಲದು, ಅದಕ್ಕೆ ಬೇಕಾದ ಸೋಡಾ 11 ಗ್ರಾಮಿನಷ್ಟೇ. ಹೀಗಾಗಿ 400 ಗ್ರಾಂ ಪುಡಿ ಹಾಕಿದರೂ ಪದರವೇನೂ ಆ ಪ್ರಮಾಣದಲ್ಲಿ ದಪ್ಪವಾಗುವುದಿಲ್ಲ, ಪುಡಿಯನ್ನು ಕಾಲುಭಾಗಕ್ಕೆ ಇಳಿಸಿದರೂ ತೆಳುವಾಗುವುದಿಲ್ಲ. ಪದರದ ಪ್ರಮಾಣವನ್ನು ಗೊತ್ತುಮಾಡುವುದು ನೀರು. ಪುಡಿಯನ್ನು ಬದಲಿಸುತ್ತ ಹೋಗುವವರು ಯಾವ ಕಂಪನಿಯ ಪುಡಿ ತಂದರೂ ಅದೇ ಬಿಳುಪನ್ನು ಕಾಣುವುದು ಇದರಿಂದಲೇ.

ಹುಳಿ ಏಕೆ ತಡವಾಯಿತು

ಕೊಂಬುಚಾ ಹಾಕುವಾಗ ಹಿಂದಿನ ತಯಾರಿಕೆಯ ಹುಳಿ ದ್ರವವನ್ನು ಹೆಪ್ಪಾಗಿ ಬೆರೆಸುವುದು ಜೀವಾಣುಗಳಿಗಾಗಿ ಮಾತ್ರವಲ್ಲ. ಆರಂಭದಲ್ಲೇ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅಪಾಯಕಾರಿ ಜೀವಾಣುಗಳು ತಲೆ ಎತ್ತುವುದು ಕಷ್ಟವಾಗುತ್ತದೆ, ಬೂಷ್ಟಿಗೂ ಎಡೆ ಕಡಿಮೆಯಾಗುತ್ತದೆ. ಈ ಘಟಕದಲ್ಲಿ ಜಾಡಿಗೆ 2 ಲೀಟರ್ ಹೆಪ್ಪಿನ ದ್ರವ ಹಾಕುತ್ತಾರೆ. ಅದರಲ್ಲಿ ಲೀಟರಿಗೆ 8 ಗ್ರಾಂ ಆಮ್ಲವಿದೆಯೆಂದು ಹಿಡಿದರೆ ಒಟ್ಟು 16 ಗ್ರಾಂ. ಇಳಿದ 10 ಗ್ರಾಂ ಸುಣ್ಣದ ಪುಡಿಯಲ್ಲಿ ಮುಕ್ಕಾಲು ಪಾಲು ನೀರಿನೊಂದಿಗೆ ಹರಿದುಹೋಗಿ, ಕಾಲು ಪಾಲು ಮಾತ್ರ ಗೋಡೆಗೆ ಅಂಟಿತೆಂದುಕೊಂಡರೂ ಆ ಎರಡೂವರೆ ಗ್ರಾಂ 3 ಗ್ರಾಂ ಅಸಿಟಿಕ್ ಆಮ್ಲವನ್ನು ನುಂಗುತ್ತದೆ. ತಳದಲ್ಲಿ ಆರಿಹೋದ ಕಾಲು ಲೀಟರಿನಲ್ಲಿದ್ದ 5 ಗ್ರಾಂ ಪುಡಿ ಇನ್ನೂ ಸುಮಾರು 4 ಗ್ರಾಂ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಹೆಪ್ಪಿನ ಹುಳಿಯಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಹೀಗೆ ಮೊದಲ ಗಳಿಗೆಯಲ್ಲೇ ಕರಗಿಹೋಗುತ್ತಿತ್ತು.

ಇದು ಅಂದಾಜಿನ ಲೆಕ್ಕವಾದರೂ ಅಳತೆಗೆ ಹೊಂದಿಕೊಂಡಿತು. ಅವರ ರೂಢಿಯಂತೆ ತೊಳೆದ ಜಾಡಿಯಲ್ಲಿ ಹೊಸ ತಯಾರಿಕೆ ಹಾಕಿ ಚೆನ್ನಾಗಿ ಕಲಕಿ ಪಟ್ಟಿ ಅದ್ದಿದಾಗ ಬಣ್ಣ 4.5 ಮತ್ತು 5ರ ನಡುವೆ ನಿಂತಿತು. ಅದೇ ಕಷಾಯ, ಅದೇ ಹೆಪ್ಪು, ಅದೇ ಪ್ರಮಾಣದಲ್ಲಿ, ವಿನೆಗರಿನಲ್ಲಿ ತೊಳೆದು ಆರ್‌ಒ ನೀರಿನಲ್ಲಿ ಜಾಲಿಸಿದ ಸಣ್ಣ ಭರಣಿಯಲ್ಲಿ 4ಕ್ಕಿಂತ ಕೆಳಗಿತ್ತು. ಬೂಷ್ಟಿಗೆ ಬೇರೆ ಕಾರಣಗಳೂ ಇರಬಹುದು, ಆ ಕೋಣೆಯ ಕಿಟಕಿಗೆ ಜಾಲರಿ ಇರಲಿಲ್ಲ. ಆದರೂ ಆರಂಭದ ಹುಳಿ ಇಷ್ಟು ಇಳಿದಿದ್ದ ಜಾಡಿ ಬೂಷ್ಟನ್ನು ತಡೆಯುವ ಸ್ಥಿತಿಯಲ್ಲಿರಲಿಲ್ಲ ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ.

ಪದರ ತೆಗೆದ ಬಗೆ

ಈ ಹಂತಕ್ಕೆ ಬರುವ ಮೊದಲು ಮನೆಯವರು ಎರಡು ಉಪಾಯ ಮಾಡಿ ನೋಡಿದ್ದರು. ಸ್ಟೀಲ್ ನಾರಿನಿಂದ ಉಜ್ಜಿದ್ದರಿಂದ ತೊಟ್ಟಿಯ ಒಳಮೈಯಲ್ಲಿ ಗೀರುಗಳಾಗಿದ್ದವು, ಗೀರಿದ ಜಾಗದಲ್ಲಿ ಪದರ ಇನ್ನೂ ಗಟ್ಟಿಯಾಗಿ ಹಿಡಿದಿತ್ತು. ನಲ್ಲಿ ರಿಪೇರಿಗೆ ಬಂದವರ ಸಲಹೆಯಂತೆ ತೊಟ್ಟಿಯ ಮುಚ್ಚಳಕ್ಕೆ ಬಚ್ಚಲು ತೊಳೆಯುವ ಆಸಿಡ್ ಹಾಕಿದ್ದರಿಂದ ಬಿಳುಪು ಕ್ಷಣದಲ್ಲಿ ಹೋಗಿ, ಕೆಲವೇ ದಿನಗಳಲ್ಲಿ ತುಕ್ಕಿನ ಚುಕ್ಕಿಗಳು ಬಿದ್ದವು. ಆ ಆಸಿಡ್ ಹೈಡ್ರೊಕ್ಲೋರಿಕ್ ಆಮ್ಲ. ಸ್ಟೀಲನ್ನು ತುಕ್ಕಿನಿಂದ ಕಾಯುವ ಕ್ರೋಮಿಯಂ ಆಕ್ಸೈಡಿನ ಕಣ್ಣಿಗೆ ಕಾಣದ ಪೊರೆಯನ್ನು ಅದರ ಕ್ಲೋರೈಡು ಅಲ್ಲಲ್ಲಿ ತೂತು ಮಾಡುತ್ತದೆ. ಸ್ಟೀಲಿನ ಸಾಮಾನಿಗೆ ಅದು ಎಷ್ಟು ನೀರು ಬೆರೆಸಿದರೂ ಬೇಡ. ಅದೇ ಕಪಾಟಿನಲ್ಲಿ ನೆಲ ಒರೆಸುವ ಬ್ಲೀಚಿಂಗ್ ದ್ರವವೂ ಇತ್ತು. ಯಾವುದೇ ಆಮ್ಲ, ವಿನೆಗರ್ ಕೂಡ, ಬ್ಲೀಚಿನೊಂದಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕೆಲಸ ಶುರುಮಾಡುವ ಮೊದಲು ಅದನ್ನು ಆ ಕೋಣೆಯಿಂದಲೇ ಹೊರಗೆ ಇಡಿಸಿದೆ.

ಕಂಠದ ದಪ್ಪ ಪದರಕ್ಕೆ ವಿನೆಗರನ್ನೂ ತೆಳುವಾದ ಕಡೆಗಳಿಗೆ ಸಿಟ್ರಿಕ್ ಆಮ್ಲವನ್ನೂ ಆರಿಸಿಕೊಳ್ಳಲಾಯಿತು. ಈ ಆಯ್ಕೆಗೆ ಕಾರಣವಿದೆ. ವಿನೆಗರಿನ ಅಸಿಟಿಕ್ ಆಮ್ಲ ಸುಣ್ಣದೊಂದಿಗೆ ಸೇರಿ ಆಗುವ ಕ್ಯಾಲ್ಸಿಯಂ ಅಸಿಟೇಟು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಶೇ. 4ರ ಒಂದು ಲೀಟರ್ ವಿನೆಗರು ಲೆಕ್ಕಪ್ರಕಾರ 33 ಗ್ರಾಂವರೆಗೆ ಸುಣ್ಣವನ್ನು ಕರಗಿಸಬಲ್ಲದು. ಸಿಟ್ರಿಕ್ ಆಮ್ಲ ಅಗ್ಗ, ವಾಸನೆಯಿಲ್ಲ, ಸ್ಟೀಲಿನ ಪೊರೆಗೆ ಹಿತ, ಆದರೆ ಅದರಿಂದಾಗುವ ಕ್ಯಾಲ್ಸಿಯಂ ಸಿಟ್ರೇಟು ಅಷ್ಟಾಗಿ ಕರಗುವುದಿಲ್ಲ. ಆಮ್ಲ ಧಾರಾಳವಾಗಿ ಮಿಕ್ಕಿರುವವರೆಗೆ ಅದು ದ್ರಾವಣದಲ್ಲಿ ನಿಲ್ಲುತ್ತದೆ. ಆಮ್ಲ ಸಾಲದೆ ಹೋದರೆ, ಅಥವಾ ರಾತ್ರಿಯೆಲ್ಲ ನೆನೆಯಲು ಬಿಟ್ಟರೆ, ಕರಗಿದ ಸುಣ್ಣ ಇನ್ನೊಂದು ರೂಪದ ಬಿಳಿ ಪುಡಿಯಾಗಿ ಅದೇ ಗೋಡೆಗೆ ಮರಳುತ್ತದೆ. ತಂಗಿಯವರು ಒಮ್ಮೆ ಒಂದು ಚಮಚ ಸಿಟ್ರಿಕ್ ಆಮ್ಲವನ್ನು ಜಾಡಿ ತುಂಬ ನೀರಿಗೆ ಹಾಕಿ ಬೆಳಗಿನವರೆಗೆ ಬಿಟ್ಟು, ಆಮ್ಲದಿಂದಲೂ ಇದು ಹೋಗದು ಎಂಬ ತೀರ್ಮಾನಕ್ಕೆ ಬಂದಿದ್ದರು. ಶೇ. 2ರ ದ್ರಾವಣದ ಒಂದು ಲೀಟರಿನಿಂದ 5 ಗ್ರಾಮಿಗಿಂತ ಹೆಚ್ಚು ಸುಣ್ಣ ತೆಗೆಯುವ ಆಸೆ ಇಟ್ಟುಕೊಳ್ಳಬಾರದು ಎಂಬುದು ನಾನು ಅನುಸರಿಸುವ ಲೆಕ್ಕ.

ಜಾಡಿಗಳ ನಲ್ಲಿಯನ್ನು ಬಿಚ್ಚಿ, ವಾಷರುಗಳನ್ನು ಬೇರೆ ಮಾಡಿ, ಕಂಠದ ಸುತ್ತ ವಿನೆಗರಿನಲ್ಲಿ ನೆನೆಸಿದ ಹಳೆಯ ಹತ್ತಿ ಬಟ್ಟೆಯನ್ನು ಸುತ್ತಿ ಒಳಭಾಗಕ್ಕೆ ಒತ್ತಿಡಲಾಯಿತು. ಕಂಠದವರೆಗೆ ವಿನೆಗರ್ ತುಂಬಿಸುವ ಖರ್ಚು ಇದರಿಂದ ಉಳಿಯಿತು. ಅರ್ಧ ಗಂಟೆಯ ನಂತರ ಪದರ ಮೆತ್ತಗಾಗಿ ಬಾಟಲಿ ತೊಳೆಯುವ ಬ್ರಷ್ಷಿಗೆ ಬಂತು. ಉಳಿದ ಮೈಗೆ ಕಾವೇರಿ ನೀರಿನಲ್ಲಿ ಲೀಟರಿಗೆ 20 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಕೈಗೆ ತಾಳುವಷ್ಟು ಬಿಸಿ ಮಾಡಿ, ಎರಡು ಮೂರು ಲೀಟರಿನಷ್ಟನ್ನು ಹಾಕಿ ಜಾಡಿಯನ್ನು ಹೊರಳಿಸುತ್ತ ಅರ್ಧ ಗಂಟೆ ಕಳೆದು, ನಡುವೆ ಪಿಎಚ್ ಪಟ್ಟಿಯಿಂದ ನೋಡಲಾಯಿತು. ಹೊಸ ದ್ರಾವಣದ ಪಿಎಚ್ 2ರ ಸ್ವಲ್ಪ ಮೇಲಿರುತ್ತದೆ. ಅದು 4ನ್ನು ಮುಟ್ಟುವ ಮೊದಲೇ ಚೆಲ್ಲಿ ಹೊಸದು ಹಾಕಬೇಕು. ನಲ್ಲಿಯ ತಿರುಪಿನ ಸಂದುಗಳಲ್ಲಿ ನಿರೀಕ್ಷೆಗಿಂತ ಹೆಚ್ಚು ಸುಣ್ಣ ಕಟ್ಟಿತ್ತು, ಅದರ ಹಿಂದೆ ಲೋಳೆಯೂ ಇತ್ತು. ನಲ್ಲಿ ಬಿಚ್ಚದೆ ತೊಳೆಯುವವರಿಗೆ ಇದು ಎಂದಿಗೂ ಕಾಣುವುದಿಲ್ಲ.

ಚಹಾ ಪಾತ್ರೆ ಸುಲಭಕ್ಕೆ ಮಣಿಯಲಿಲ್ಲ. ಬಿಳಿ, ಕಂದು, ಮತ್ತೆ ಬಿಳಿ ಎಂದು ಪದರಗಳು ಒಂದರ ಮೇಲೊಂದು ಕೂತಿದ್ದರಿಂದ ಆಮ್ಲವೊಂದೇ ಅಥವಾ ಕ್ಷಾರವೊಂದೇ ಅದನ್ನು ಬಿಡಿಸಲಾರದು. ಚಹಾದ ಒಗರಿನ ಅಂಶ ಕ್ಯಾಲ್ಸಿಯಂನೊಂದಿಗೆ ಸೇರಿ ಆಗುವ ಕಂದು ಪದರಕ್ಕೆ ಪೆರಾಕ್ಸೈಡು ಬೇಕು, ಅದರ ಮೇಲೆ ಕೂತ ಸುಣ್ಣಕ್ಕೆ ಆಮ್ಲ ಬೇಕು. ಮೊದಲು ಸಿಟ್ರಿಕ್ ಆಮ್ಲ, ಚೆನ್ನಾಗಿ ಜಾಲಿಸಿ ಮೆದು ನೀರಿನಲ್ಲಿ ಪರ್ಕಾರ್ಬೊನೇಟು, ಮತ್ತೆ ಜಾಲಿಸಿ ಆಮ್ಲ, ಹೀಗೆ ಸರದಿಯಲ್ಲಿ ಮಾಡಿದ ಮೇಲೆ ಸ್ಟೀಲಿನ ಬಣ್ಣ ಕಂಡಿತು. ಆಮ್ಲವನ್ನೂ ಸೋಡಾವನ್ನೂ ಒಟ್ಟಿಗೆ ಸುರಿದು ನೊರೆ ಎಬ್ಬಿಸುವ ಮನೆಮದ್ದು ನೋಡಲು ಚೆಂದ, ಆದರೆ ಎರಡೂ ಒಂದನ್ನೊಂದು ತಟಸ್ಥಗೊಳಿಸಿ ಕೆಲಸಕ್ಕೆ ಏನೂ ಉಳಿಯುವುದಿಲ್ಲ.

ಒಂದು ಅಡ್ಡ ಮಾತು: ಹಿತ್ತಲಿನ ತೊಳೆಯುವ ಕಟ್ಟೆಗೆ ಹಾಸಿದ್ದು ಕಡಪ ಕಲ್ಲು. ಅದೂ ಸುಣ್ಣದ ಶಿಲೆಯೇ ಆದ್ದರಿಂದ ವಿನೆಗರ್ ಬಿದ್ದ ಕಡೆ ಹೊಳಪು ಹೋಗಿ ಮಾಸಲು ಕಲೆಗಳಾದವು. ಆಮೇಲೆ ಕೆಲಸವನ್ನು ಪ್ಲಾಸ್ಟಿಕ್ ಟಬ್ಬಿನೊಳಗೆ ಮುಂದುವರಿಸಲಾಯಿತು.

ಆಮ್ಲಕ್ಕೆ ಜಗ್ಗದ ಮಂಜು

ಮೂರು ಹನಿಗಳಿಗೂ ಅಲುಗದ ನಡುಮೈಯ ಮಂಜಿಗೆ ಎರಡು ಕಾರಣಗಳು ಸಾಧ್ಯ. ಪುಡಿಯಲ್ಲಿರುವ ಮೆಟಾಸಿಲಿಕೇಟು ಕೊಳೆಯನ್ನು ತೇಲಿಸಲೂ ಲೋಹವನ್ನು ಕ್ಷಾರದಿಂದ ಕಾಯಲೂ ಸೇರಿಸಿದ ವಸ್ತು. ಅದರ ದ್ರಾವಣ ಪಾತ್ರೆಯ ಮೇಲೆಯೇ ಒಣಗಿದರೆ, ಅಥವಾ ಗಡಸು ನೀರಿನ ಕ್ಯಾಲ್ಸಿಯಂನೊಂದಿಗೆ ಸೇರಿದರೆ, ಗಾಜಿನ ಜಾತಿಗೇ ಸೇರಿದ ತೆಳುಪೊರೆಯಾಗಿ ಅಂಟುತ್ತದೆ. ವಿನೆಗರಿಗೂ ಸಿಟ್ರಿಕ್ ಆಮ್ಲಕ್ಕೂ ಅದು ಬಗ್ಗುವುದಿಲ್ಲ. ಎರಡನೆಯದು, ಗಾಜೇ ಸವೆದಿರುವುದು. ಬಿಸಿಯಾದ ಗಾಢ ಕ್ಷಾರದಲ್ಲಿ ರಾತ್ರಿಗಳನ್ನು ಕಳೆದ ಗಾಜಿನ ಮೇಲ್ಮೈ ನವಿರಾಗಿ ಕೊರೆದು ಬೆಳಕನ್ನು ಚದುರಿಸತೊಡಗುತ್ತದೆ. ಎರಡೂ ಒದ್ದೆಯಾದಾಗ ಕಾಣದಾಗುತ್ತವೆ. ನುಣುಪಾದ ಚಾಕ್ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು ಒಂದೇ ಜಾಗವನ್ನು ಉಜ್ಜಿದಾಗ ಒಂದು ಜಾಡಿಯಲ್ಲಿ ಮಂಜು ಸ್ವಲ್ಪ ತೆಳುವಾಯಿತು, ಅಲ್ಲಿ ಸಿಲಿಕೇಟಿನ ಪೊರೆಯಿರಬೇಕು. ಇನ್ನೆರಡರಲ್ಲಿ ಏನೂ ಬದಲಾಗಲಿಲ್ಲ.

ಇಲ್ಲಿ ನಿಲ್ಲಿಸುವುದು ಸರಿಯೆಂದು ನಾನು ಹೇಳಿದೆ. ಸಿಲಿಕೇಟನ್ನು ಕರಗಿಸುವ ಆಮ್ಲ ಹೈಡ್ರೊಫ್ಲೋರಿಕ್. ತುಕ್ಕು ತೆಗೆಯುವ ಕೆಲವು ದ್ರವಗಳಲ್ಲಿ ಅದು ಇರುತ್ತದೆ, ಗಾಜನ್ನೂ ತಿನ್ನುತ್ತದೆ, ಚರ್ಮದೊಳಗೆ ಇಳಿದರೆ ಪ್ರಾಣಕ್ಕೇ ಕುತ್ತು. ಆಹಾರದ ಪಾತ್ರೆಯ ಹತ್ತಿರವೂ ಅದು ಸುಳಿಯಬಾರದು. ಸವೆದ ಗಾಜಿಗೆ ಮದ್ದಿಲ್ಲ. ಮಂಜು ಪಾನೀಯದೊಳಗೆ ಕರಗುವಂಥದಲ್ಲವಾದ್ದರಿಂದ, ಕೈಯಾಡಿಸಿದಾಗ ನುಣುಪಾಗಿರುವವರೆಗೆ, ಬಳಕೆಗೆ ಅಡ್ಡಿಯಿಲ್ಲ. ಆದರೆ ಒರಟಾದ ಎರಡು ಜಾಡಿಗಳನ್ನು ಹುದುಗಿಸುವ ಕೆಲಸದಿಂದ ತೆಗೆದು ಸಕ್ಕರೆ, ಚಹಾಪುಡಿ ತುಂಬಿಡಲು ಬಳಸಲಾಗುತ್ತಿದೆ.

ಬದಲಾದ ಕ್ರಮ

ಮೆದುಗೊಳಿಸುವ ಯಂತ್ರ ಕೊಳ್ಳಬೇಕೆ ಎಂಬ ಪ್ರಶ್ನೆ ಬಂತು. ಉಪ್ಪಿನ ನೀರಿನಿಂದ ಆಗಾಗ ಚೇತರಿಸಿಕೊಳ್ಳುವ ರಾಳದ ಯಂತ್ರ ಈ ಕೆಲಸಕ್ಕೆ ತಕ್ಕದ್ದೇ, ಆದರೆ ಈ ಘಟಕದ ಗಾತ್ರಕ್ಕೆ ಅದು ಅನಗತ್ಯ ವೆಚ್ಚ. ಕಾವೇರಿ ನೀರು ಬರುವ ದಿನ 200 ಲೀಟರಿನ ಡ್ರಮ್ಮೊಂದನ್ನು ತುಂಬಿಟ್ಟು, ತೊಳೆಯುವ ಪುಡಿಗೂ ಕೊನೆಯ ಜಾಲಿಕೆಗೂ ಅದನ್ನೇ ಬಳಸುವುದೆಂದು ತೀರ್ಮಾನವಾಯಿತು. ಮಳೆಗಾಲದಲ್ಲಿ ತಾರಸಿಯ ನೀರು ಇದಕ್ಕಿಂತಲೂ ಮೆದುವಾಗಿರುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಬಿಟ್ಟು ಹಿಡಿದರೆ ಪುಡಿ ಕಲಸಲು ಅಡ್ಡಿಯಿಲ್ಲ.

ಪುಡಿ ಸಿಲಿಕೇಟಿಲ್ಲದ ಪರ್ಕಾರ್ಬೊನೇಟಿಗೆ ಬದಲಾಯಿತು, ಪ್ರಮಾಣ ಲೀಟರಿಗೆ 5 ಗ್ರಾಮಿಗೆ ಇಳಿಯಿತು, ನೆನೆಯುವ ಅವಧಿ ಅರ್ಧ ಗಂಟೆಯಾಯಿತು. ಬಿಸಿ ನೀರಿನಲ್ಲಿ ಪೆರಾಕ್ಸೈಡು ಕೆಲವು ಗಂಟೆಗಳಲ್ಲಿ ತೀರಿಹೋಗುವುದರಿಂದ ಬೆಳಗಿನವರೆಗೆ ಕಾಯುವುದರಲ್ಲಿ ಲಾಭವಿಲ್ಲ, ಗಾಜಿಗೆ ನಷ್ಟವಿದೆ. ಸೋಲಾರ್ ಹೀಟರಿನ ನೀರು ಈ ಕೆಲಸಕ್ಕೆ ಬಂದಾಯಿತು. ಡ್ರಮ್ಮಿನ ನೀರನ್ನೇ ಒಲೆಯ ಮೇಲೆ ಕಾಯಿಸುತ್ತಾರೆ. ಪುಡಿಯ ನೀರನ್ನು ಹರಿಸಿ, ಜಾಡಿಯನ್ನು ವಾಲಿಸಿ ನಲ್ಲಿಯ ಕೆಳಗಿನದನ್ನೂ ಚೆಲ್ಲಿ, ಮೈ ಒಣಗುವ ಮೊದಲೇ ಎರಡು ಬಾರಿ ಜಾಲಿಸಿ, ಕೊನೆಯಲ್ಲಿ ಲೀಟರಿಗೆ 5 ಗ್ರಾಂ ಸಿಟ್ರಿಕ್ ಆಮ್ಲದ ನೀರನ್ನು ಸುತ್ತಾಡಿಸಿ ಚೆಲ್ಲುತ್ತಾರೆ. ಉಳಿದ ಕ್ಷಾರವೇನಾದರೂ ಇದ್ದರೆ ಅಲ್ಲಿಗೆ ತೀರುತ್ತದೆ. ಬಾಟಲಿಗಳಿಗೂ ಇದೇ ಕ್ರಮ. ಅವುಗಳ ರಬ್ಬರ್ ಉಂಗುರಗಳನ್ನು ಮಾತ್ರ ಬಿಡಿಸಿ ಬೇರೆಯಾಗಿ ತೊಳೆಯಬೇಕು.

ಕಾವೇರಿ ನೀರು ಬಾರದೆ ಡ್ರಮ್ಮು ಬರಿದಾದ ದಿನಗಳಿಗೆ ಬೇರೆ ಏರ್ಪಾಟು ಬೇಕಾಯಿತು. ಅಂಥ ದಿನ ಜಾಡಿಯನ್ನು ಕೊಳವೆ ಬಾವಿಯ ನೀರಿನಲ್ಲಿ ಪುಡಿ ಹಾಕಿ ತೊಳೆಯುವ ಬದಲು, ತಳದಲ್ಲಿ ಒಂದಿಷ್ಟು ಕೊಂಬುಚಾವನ್ನೇ ಬಿಟ್ಟು, ಬಾಯಿ ಕಟ್ಟಿ, ಗೋಡೆ ಒಣಗದಂತೆ ಆಗಾಗ ಹೊರಳಿಸಿ, ನೀರು ಬಂದ ಮೇಲೆ ತೊಳೆಯುತ್ತಾರೆ.

ಫಲಿತಾಂಶ

ಹೊಸ ಕ್ರಮದಲ್ಲಿ ತೊಳೆದ ಜಾಡಿಗಳ ಕಂಠದಲ್ಲಿ ಹಲವು ತಯಾರಿಕೆಗಳ ನಂತರವೂ ಬಿಳುಪು ಮರಳಿಲ್ಲ. ಹೊಸದಾಗಿ ಹಾಕಿದ ತಯಾರಿಕೆಯ ಪಿಎಚ್ 4ಕ್ಕಿಂತ ಕೆಳಗೇ ಆರಂಭವಾಗುತ್ತಿದೆ, ಹುಳಿ ಬರಲು ಹಿಡಿಯುವ ಕಾಲ ಹಿಂದಿನ ಮಟ್ಟಕ್ಕೆ ಬಂದಿದೆ. ಬೂಷ್ಟು ಮತ್ತೆ ಕಂಡಿಲ್ಲ. ಈ ನಡುವೆ ಕಿಟಕಿಗೆ ಜಾಲರಿಯನ್ನೂ ಹಾಕಿಸಿರುವುದರಿಂದ ಅದರ ಪೂರ್ತಿ ಶ್ರೇಯಸ್ಸನ್ನು ತೊಳೆಯುವ ಕ್ರಮಕ್ಕೇ ಕೊಡಲಾಗದು. ತೊಟ್ಟಿಯ ಗೀರುಗಳು ಹಾಗೆಯೇ ಉಳಿದಿವೆ, ಅದನ್ನು ಈಗ ಚಹಾ ತಣಿಸಲು ಮಾತ್ರ ಬಳಸುತ್ತಾರೆ. ತುಕ್ಕು ಹಿಡಿದ ಮುಚ್ಚಳ ಗುಜರಿಗೆ ಹೋಯಿತು. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಮುಂದೆಯೂ ಬಕೆಟ್ಟಿನಲ್ಲಿ ಹಿಡಿಯುತ್ತಾರೆ, ಆದರೆ ಅದು ಅಂಗಳ ತೊಳೆಯಲು ಹೋಗುತ್ತದೆ. ಕೊಳವೆ ಬಾವಿಯ ಮಟ್ಟ ಇಳಿಯುವ ಬೇಸಿಗೆಯ ಕೊನೆಯಲ್ಲಿ ಎರಡೂ ನೀರನ್ನು ಮತ್ತೊಮ್ಮೆ ಕಿಟ್‌ನಲ್ಲಿ ಅಳೆದು ನೋಡುವುದೆಂದು ಒಪ್ಪಿಕೊಂಡಿದ್ದೇವೆ.